ಅವ್ವನ ಬಾಯಿ

ನಮ್ಮಲ್ಲಿ ಸತ್ತವರಿಗೆ ವರ್ಷದ ಎಡೆ ಇಡುವವರೆಗೂ ಮತ ಇರುತ್ತದೆ. ಮೊದಲಿನಿಂದ ನಡೆದುಬಂದದ್ದು ಹಾಗೆ. ಬದುಕಿರುವವರು ಚೀಟಿ ಮಡಿಸಿ ಡಬ್ಬಿಯೊಳಗೆ ಹಾಕುತ್ತಾರೆ, ಸತ್ತವರ ಮತವನ್ನು ಮಾತ್ರ ಎಲ್ಲರ ಎದುರು ಬಾಯಿಬಿಟ್ಟು ಹೇಳಬೇಕು. ಸತ್ತವರಿಗೆ ಯಾರ ಹೆದರಿಕೆ, ಅವರಿಗೆ ಗುಟ್ಟು ಯಾಕೆ ಎನ್ನುತ್ತಾರೆ ಹಿರಿಯರು. ಕೊನೆಯ ತುತ್ತು ತಿನ್ನಿಸಿದವರು ಸತ್ತವರಿಗೆ ಬಾಯಿ. ಬಾಯಿ ಆದವರು ಸತ್ತವರ ಮನಸ್ಸಿನಲ್ಲಿದ್ದುದನ್ನೇ ಹೇಳಬೇಕು, ತಮ್ಮ ಸ್ವಂತ ಮತವನ್ನು ಬಿಟ್ಟುಕೊಡಬೇಕು. ಒಬ್ಬರಿಗೆ ಎರಡು ನಾಲಿಗೆ ಇರಕೂಡದಲ್ಲ. ಒಲ್ಲೆ ಎಂದರೂ ಯಾರೂ ಬಯ್ಯುವುದಿಲ್ಲ, ಸತ್ತವರ ಮತ ಬಿದ್ದುಹೋಗುತ್ತದೆ, ಅಷ್ಟೇ. ಇದರಿಂದ ಏನೇನೋ ಆಗಿದೆ. ಆಸ್ಪತ್ರೆಯಲ್ಲಿ ತೀರಿಕೊಂಡ ಗುರುತು ಪರಿಚಯವಿಲ್ಲದವರಿಗೆಲ್ಲ ನರ್ಸಮ್ಮ ಬಾಯಿಯಾಗಿ ಪೇಚಾಡಿದ್ದುಂಟು. ಅತ್ತೆಯ ಕೊನೆಯ ತುತ್ತಿಗಾಗಿ ವಾರಗಿತ್ತಿಯರು ಗಂಜಿ ಬಟ್ಟಲು ಹಿಡಿದು ಕಾದಾಡಿದ್ದೂ ಉಂಟು.

ನಾನು ನನ್ನ ಅವ್ವನಿಗೆ ಬಾಯಿಯಾದೆ. ಅದೂ ನಮ್ಮ ಕೆಳಸೀಮೆ ಬೇರೆ ದೇಶವಾಗಬೇಕೋ ಬೇಡವೋ ಎಂದು ಮತ ಕೇಳಿದ ವರ್ಷ.

ನನ್ನ ಹೆಸರು ಚೆನ್ನಾಜಿ. ಉಪ್ಪಿನ ಚೀಲ ಹೊಲಿಯುವುದು ನನ್ನ ಕೆಲಸ. ಅವ್ವ ನಿಂಗಾಜಮ್ಮ ಆಗರದಲ್ಲಿ ಉಪ್ಪು ಎಳೆಯುತ್ತಿದ್ದವಳು. ಅವಳ ಅಂಗಾಲು ಎಷ್ಟು ಉಪ್ಪು ತಿಂದಿತ್ತೆಂದರೆ ಮುಳ್ಳು ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಎಲ್ಲಿ ತೋಡಿದರೂ ಉಪ್ಪುನೀರು. ಕುಡಿಯುವ ನೀರು ಮೇಲ್ಸೀಮೆಯಿಂದ ರೈಲಿನಲ್ಲಿ ಬರಬೇಕು. ನೀರಿನ ರೈಲು ಬಂದು ಸ್ಟೇಷನ್ನಿನ ತೊಟ್ಟಿ ತುಂಬಿಸಿ ಹೋಗುತ್ತದೆ, ನಮ್ಮ ಉಪ್ಪು ಹೇರಿಕೊಂಡು ಹೋಗಲು ಬೇರೊಂದು ರೈಲಿದೆ. ರಾಜಧಾನಿ ಇರುವುದೂ ಮೇಲ್ಸೀಮೆಯಲ್ಲೇ. ಉಪ್ಪಿನ ರೈಲು ಒಂದು ದಿನವೂ ತಡವಾದದ್ದಿಲ್ಲ. ನೀರಿನ ರೈಲಿಗೆ ಮಾತ್ರ ಹೇಳುವವರು ಕೇಳುವವರು ಇರಲಿಲ್ಲ. ನಾನು ಸಣ್ಣವಳಿದ್ದಾಗ ಒಂದು ಬೇಸಿಗೆಯಲ್ಲಿ ನೀರಿನ ರೈಲು ಬರುವುದು ನಿಂತೇಹೋಯಿತು. ಅಪ್ಪ ಆ ಬೇಸಿಗೆಯಲ್ಲೇ ವಾಂತಿಭೇದಿಯಾಗಿ ಹೋದ. ಅಪ್ಪನನ್ನು ಮಣ್ಣು ಮಾಡಿ ಬಂದವಳೇ ಅವ್ವ, ಉಪ್ಪು ಹೇರಿ ನಿಂತಿದ್ದ ಗಾಡಿಯ ಮುಂದೆ ಹಳಿಯ ಮೇಲೆ ಕೂತಳು. ನೀರು ಬರುವವರೆಗೂ ಉಪ್ಪು ಹೋಗುವುದಿಲ್ಲ ಎಂದಳು. ಅವಳ ಪಕ್ಕದಲ್ಲಿ ಮೊದಲು ಬಂದು ಕೂತವನು ಗಾಡಿಗೆ ಚೀಲ ಹೇರುತ್ತಿದ್ದ ಜವರಯ್ಯ. ಆಮೇಲೆ ಆಗರವೇ ಬಂದು ಕೂತಿತು. ಇಬ್ಬರೂ ಜೈಲಿಗೆ ಹೋದರು. ನೀರಿನ ರೈಲು ಬಂತು.

ಜೈಲಿನಿಂದ ಬಂದ ಮೇಲೆ ಅವ್ವ ಇನ್ನೊಂದು ಮಾತು ಹೇಳತೊಡಗಿದಳು. ಕೇಳಿ ಕೇಳಿ ಕುಡಿಯುವ ನೀರು ಬೇಡ, ನಾವು ಬೇರೆಯಾಗೋಣ ಎಂದು. ಮೊದಮೊದಲು ಜನ ನಕ್ಕರು. ಬರುಬರುತ್ತಾ ಆ ಮಾತು ಮನೆಮನೆಗೂ ಹೋಯಿತು. ಜವರಯ್ಯ ಮಾವ ಊರೂರು ತಿರುಗಿ ಅದನ್ನು ಸಂಘಟನೆ ಮಾಡಿದ. ನಾನು ಚೀಲದ ದಾರದಲ್ಲೇ ಬಾವುಟ ಹೊಲಿದೆ. ನನಗಿಂತ ಚಿಕ್ಕವನಾದ ತಮ್ಮ ದೇವೀರ ನಡೆಯಲು ಕಲಿತದ್ದೇ ಮೆರವಣಿಗೆಯಲ್ಲಿ ಎಂದರೂ ಸರಿಯೆ. ನಾನು ಮದುವೆಯಾಗಲಿಲ್ಲ. ಅದಕ್ಕೇನೂ ದೊಡ್ಡ ಕಾರಣವಿಲ್ಲ. ಬಂದ ಒಂದೆರಡು ಸಂಬಂಧಗಳು ಮೇಲ್ಸೀಮೆಯ ಕಡೆಯವಾಗಿದ್ದವು, ನಾನೇ ಒಲ್ಲೆನೆಂದೆ. ಬೇರೆಯಾಗುವುದು ನನಗೆ ಅಷ್ಟು ಬೇಕಾಗಿತ್ತು.

ಕೊನೆಗೆ ರಾಜಧಾನಿಯವರು ಒಪ್ಪಿದರು. ಕೆಳಸೀಮೆಯವರ ಮತ ಕೇಳುತ್ತೇವೆ, ಹೆಚ್ಚಿನವರು ಬೇಕು ಎಂದರೆ ಬೇರೆಯಾಗಿ ಎಂದರು. ಸುದ್ದಿ ಬಂದ ದಿನ ಜವರಯ್ಯ ಮಾವ ನಮ್ಮ ಜಗಲಿಯ ಮೇಲೆ ಕೂತು ಮಕ್ಕಳ ಹಾಗೆ ಅತ್ತ. ಅವ್ವ ಅಳಲಿಲ್ಲ. ಅವಳಿಗೆ ಆಗಲೇ ಮೈಯಲ್ಲಿ ಸುಖವಿರಲಿಲ್ಲ, ಹೊಟ್ಟೆಯಲ್ಲಿ ಗಡ್ಡೆ ಎಂದಿದ್ದರು. ಮತ ಹಾಕಿಯೇ ಸಾಯುತ್ತೇನೆ ಬಿಡು ಎಂದು ನಕ್ಕಳು.

ಮತದ ದಿನ ಗೊತ್ತಾದ ಮೇಲೆ ನೀರಿನ ರೈಲು ಮತ್ತೆ ತಡವಾಗತೊಡಗಿತು. ಬೇಕೆಂದೇ ಮಾಡುತ್ತಿದ್ದಾರೆ ಎಂದು ನಮ್ಮವರು ಸಿಟ್ಟಾದರು. ಆ ಸಿಟ್ಟನ್ನು ತೀರಿಸಿಕೊಳ್ಳಲು ರಾಜಧಾನಿ ದೂರವಿತ್ತು, ನೀರಿನ ಸಾಲು ಹತ್ತಿರವಿತ್ತು. ಮೇಲ್ಸೀಮೆಯಿಂದ ಆಗರದ ಕೆಲಸಕ್ಕೆ ಬಂದು ನಮ್ಮೂರಲ್ಲೇ ನೆಲೆಯಾದ ಒಂದು ಕೇರಿಯಷ್ಟು ಜನರಿದ್ದಾರೆ. ಎಷ್ಟೋ ಮಂದಿ ಇಲ್ಲೇ ಹುಟ್ಟಿದವರು, ಮಾತು ಮಾತ್ರ ಅಲ್ಲಿಯದು. ಸಂಘಟನೆಯ ಹುಡುಗರು ತೊಟ್ಟಿಯ ಹತ್ತಿರ ಹಗ್ಗ ಕಟ್ಟಿ ಎರಡು ಸಾಲು ಮಾಡಿದರು. ನಮ್ಮವರದು ಮುಗಿದ ಮೇಲೆ, ನೀರು ಉಳಿದಿದ್ದರೆ, ಆ ಕೇರಿಯವರಿಗೆ. ಬೆತ್ತ ಹಿಡಿದು ಸಾಲು ನೋಡಿಕೊಳ್ಳುತ್ತಿದ್ದವನು ದೇವೀರ. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನನಗೂ ಆಗ ಅದು ದೊಡ್ಡ ವಿಷಯವೆನ್ನಿಸಲಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ನಾನು ಬಾವುಟ ಹೊಲಿಯುವುದರಲ್ಲಿ ಮುಳುಗಿದ್ದೆ.

ಅವ್ವನಿಗೆ ಇದು ಹೇಗೋ ತಿಳಿಯಿತು. ಒಂದು ಬೆಳಿಗ್ಗೆ ಎದ್ದು ಕೊಡ ಎತ್ತಿಕೊಂಡಳು. ಹಾಸಿಗೆಯಿಂದ ಬಚ್ಚಲಿಗೆ ಹೋಗಲೂ ನನ್ನ ಭುಜ ಹಿಡಿಯುತ್ತಿದ್ದವಳು. ಬೇಡವೆಂದರೂ ಕೇಳದೆ ತೊಟ್ಟಿಯವರೆಗೆ ನಡೆದಳು, ನಾನು ಹಿಂದೆ ಹೋದೆ. ಅವಳು ನೇರವಾಗಿ ಹಗ್ಗದ ಆಚೆ ಹೋಗಿ ಮೇಲ್ಸೀಮೆಯವರ ಸಾಲಿನ ಕೊನೆಯಲ್ಲಿ ನಿಂತಳು. ಅವಳ ಮುಂದಿದ್ದವಳು ಆ ಕೇರಿಯ ದ್ಯಾಮವ್ವ. ಅವಳು ಗಾಬರಿಯಾಗಿ ಜಾಗ ಬಿಡಲು ಹೋದರೆ ಅವ್ವ ಅವಳ ಭುಜ ಒತ್ತಿ ಅಲ್ಲೇ ನಿಲ್ಲಿಸಿದಳು. ಹುಡುಗರು ಓಡಿಬಂದು, ಅವ್ವಾ ಮುಂದೆ ಬನ್ನಿ, ನಿಮಗೇನು ಸಾಲು ಎಂದು ಕೈಮುಗಿದರು. ಅವಳು ಕಿವುಡಿಯ ಹಾಗೆ ನಿಂತಿದ್ದಳು. ದೇವೀರ ಬೆತ್ತವನ್ನು ಬೆನ್ನ ಹಿಂದೆ ಹಿಡಿದು ಅವಳ ಮುಖ ನೋಡಿದ, ಹತ್ತಿರ ಬರಲಿಲ್ಲ. ಬಿಸಿಲು ಏರಿತು. ಅವಳ ಸರದಿ ಬರುವ ಹೊತ್ತಿಗೆ ತೊಟ್ಟಿ ಬರಿದಾಗಿತ್ತು. ಖಾಲಿ ಕೊಡ ಎತ್ತಿಕೊಂಡು ಮನೆಗೆ ಬಂದಳು. ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ.

ಜವರಯ್ಯ ಮಾವನನ್ನು ಕರೆಸಿ ಹಗ್ಗ ಬಿಚ್ಚಿಸು ಎಂದು ಹೇಳಿದಳು. ಅವನು ಇಲ್ಲವೆನ್ನಲಿಲ್ಲ. ಹುಡುಗರ ರಕ್ತ ಕಾದಿದೆ, ಈಗ ತಡೆದರೆ ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಾರೆ, ಮತ ಒಂದು ಮುಗಿಯಲಿ, ಮಾರನೆಯ ದಿನವೇ ನಾನೇ ನಿಂತು ಬಿಚ್ಚಿಸುತ್ತೇನೆ ಎಂದ. ಮನಸ್ಸಿನಿಂದಲೇ ಹೇಳಿದ. ಅವನು ಹೋದ ಮೇಲೆ ಅವ್ವ ನನ್ನನ್ನು ಹತ್ತಿರ ಕರೆದಳು.

"ಚೆನ್ನಾಜಿ, ನಾನು ಬೇಡ ಅಂತ ಹಾಕ್ತೀನಿ ಕಣೆ" ಎಂದಳು.

ನಾನು ಕೇಳಿಸಿಕೊಂಡದ್ದೇ ತಪ್ಪಿರಬೇಕು ಎಂದುಕೊಂಡೆ. ಏನನ್ನು ಬೇಡ ಎಂದು ಕೇಳಿದೆ.

"ಬೇರೆ ಆಗೋದು. ಬೇಕು ಅಂತ ಮೊದಲು ಅಂದೋಳು ನಾನೇ. ಈಗ ಬೇಡ. ಇವ್ರು ಹಿಂಗಿರೋವಾಗ ಬೇಡ. ನೀರು ಕೊಡೋ ಕೈ ಬದಲಾಯ್ತದೆ ಅಷ್ಟೆ, ಸಾಲಿನ ಕೊನೇಲಿ ನಿಲ್ಲೋರು ಇದ್ದೇ ಇರ್ತಾರೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಾಯಿಲೆಯವಳೆಂದೂ ನೋಡದೆ ಜಗಳವಾಡಿದೆ. ಒಂದು ಹಗ್ಗಕ್ಕೋಸ್ಕರ ಇಷ್ಟು ವರ್ಷದ ಕೆಲಸವನ್ನು ನೀರಿಗೆ ಹಾಕುತ್ತೀಯಾ, ಬೇರೆಯಾದ ಮೇಲೆ ನಮ್ಮ ತಪ್ಪನ್ನು ನಾವೇ ತಿದ್ದಿಕೊಳ್ಳಬಹುದು, ಅವರ ಕೈಯಲ್ಲೇ ಇದ್ದರೆ ಅದೂ ಆಗುವುದಿಲ್ಲ ಎಂದೆ. ಈಗಲೂ ನನಗೆ ಆ ಮಾತು ಸರಿಯೆಂದೇ ಅನ್ನಿಸುತ್ತದೆ. ಅವ್ವ ಪೂರ್ತಿ ಕೇಳಿದಳು. ನೀನು ಬೇಕು ಅಂತಲೇ ಹಾಕು, ನಿನ್ನ ಮತ ನಿನ್ನದು ಎಂದಳು. ದೇವೀರನ ಬಗ್ಗೆಯೂ ಒಂದು ಮಾತು ಹೇಳಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಮತ್ತೆ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ.

ಮತದ ದಿನಕ್ಕೆ ಇನ್ನೂ ಸಮಯವಿರುವಾಗಲೇ ಅವ್ವ ತೀರಿಕೊಂಡಳು. ಕೊನೆಯ ದಿನ ಬೆಳಿಗ್ಗೆ ದೇವೀರ ಬಂದಿದ್ದ. ಅವನ ಹೆಂಡತಿ ಮಾಡಿಕೊಟ್ಟಿದ್ದ ರಾಗಿ ಗಂಜಿಯನ್ನು ಚಮಚದಲ್ಲಿ ಹಿಡಿದ. ಅವ್ವ ತುಟಿ ತೆರೆಯಲಿಲ್ಲ. ಎರಡು ಮೂರು ಸಲ ಹಿಡಿದ. ಆಮೇಲೆ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಬೀದಿಯಲ್ಲಿ ನಿಂತ. ನನ್ನ ಕೈಯಿಂದ ಅವಳು ಒಂದು ತುತ್ತು ತೆಗೆದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಉಸಿರು ನಿಂತಿತು.

ಅವ್ವನನ್ನು ಮಣ್ಣು ಮಾಡುವಾಗ ಇಡೀ ಆಗರ ಬಂದಿತ್ತು. ಹಳ್ಳದ ಆಚೆಯ ಊರುಗಳಿಂದಲೂ ಬಂದಿದ್ದರು. ಮಣ್ಣು ಹಾಕಿ ಮುಗಿಸಿದ ಕೂಡಲೇ ಜವರಯ್ಯ ಮಾವ ಎಲ್ಲರಿಗೂ ಕೇಳುವಂತೆ ಹೇಳಿದ, ಕೆಳಸೀಮೆಯ ಮೊದಲ 'ಬೇಕು' ನಿಂಗಾಜಮ್ಮನವರದೇ ಆಗಿರುತ್ತದೆ ಎಂದು. ನಮ್ಮಲ್ಲಿ ಸತ್ತವರ ಮತವೇ ಮೊದಲು. ಜನ ಹೋ ಎಂದು ಕೂಗಿದರು. ದೇವೀರ ನನ್ನ ಕೈ ಹಿಡಿದುಕೊಂಡ.

ಹಾಲುತುಪ್ಪ ಬಿಟ್ಟು ಮುಗಿದ ಮೇಲೆ ನಾನೇ ಜವರಯ್ಯ ಮಾವನ ಮನೆಗೆ ಹೋಗಿ ಅವ್ವ ಹೇಳಿದ್ದನ್ನು ಹೇಳಿದೆ. ಬೇರೆ ಯಾರಿಗೂ ಹೇಳಿರಲಿಲ್ಲ. ಅವನು ಎದ್ದು ಹೋಗಿ ನೀರು ಕುಡಿದು ಬಂದ. ಅವನ ಬಗ್ಗೆ ಆಮೇಲೆ ಜನ ಏನೇನೋ ಹೇಳಿದ್ದಾರೆ, ಆದರೆ ಆ ದಿನ ಅವನು ನನ್ನನ್ನು ಹೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ಒಂದು ಮಾತು ಕೇಳಿದ.

"ಮೂವತ್ತು ವರ್ಷ ಹೇಳಿದ ಮಾತು ಅವಳದಾ, ನೋವಲ್ಲಿ ಒಂದು ದಿನ ಅಂದ ಮಾತು ಅವಳದಾ? ನೀನೇ ಯೋಚನೆ ಮಾಡು ಮಗಾ. ನಿಂಗಾಜಿ ಜೊತೆ ಹಳಿ ಮೇಲೆ ಕೂತಿದ್ದೋನು ನಾನು. ನನಗೆ ಗೊತ್ತಿರೋ ನಿಂಗಾಜಿ ಬೇಕು ಅಂತಾಳೆ."

ನೋವಿನಲ್ಲಿ ಆಡಿದ ಮಾತಾಗಿರಲಿಲ್ಲ ಅದು, ಅವಳ ಬುದ್ಧಿ ನೆಟ್ಟಗಿತ್ತು ಎಂದಷ್ಟೇ ಹೇಳಿದೆ. ಹಾಗಾದರೆ ಬಾಯಿ ಒಲ್ಲೆ ಅನ್ನು, ಅವಳ ಮತ ಬಿದ್ದುಹೋಗಲಿ, ನಿನ್ನ ಮತ ನೀನು ಹಾಕು, ಜನಕ್ಕೆ ನಾನು ಏನಾದರೂ ಹೇಳಿಕೊಳ್ಳುತ್ತೇನೆ ಎಂದ. ನಿಂಗಾಜಮ್ಮ ಬೇಡ ಅಂದಳು ಎಂದರೆ ಹಳ್ಳದ ಆಚೆಯ ಊರುಗಳೆಲ್ಲ ಹಿಂದೇಟು ಹಾಕುತ್ತವೆ, ಗೆಲ್ಲುವುದು ಸೋಲುವುದು ಕೂದಲೆಳೆಯಲ್ಲಿದೆ ಎಂದ. ಅದು ನಿಜವೇ ಆಗಿತ್ತು.

ಒಲ್ಲೆ ಎನ್ನುವುದೇ ಸರಿ ಎಂದು ನಾನು ತೀರ್ಮಾನಿಸಿದೆ. ಹಾಗೆ ಮಾಡಿದರೆ ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ, ಸಣ್ಣವಳಿದ್ದಾಗಿನಿಂದ ಕಾದಿದ್ದ ನನ್ನ ಮತವೂ ಉಳಿಯುತ್ತದೆ. ಈ ತೀರ್ಮಾನದಲ್ಲೇ ಕೆಲವು ದಿನ ನೆಮ್ಮದಿಯಾಗಿದ್ದೆ.

ಒಂದು ದಿನ ನೀರಿಗೆ ಹೋದಾಗ ಹಗ್ಗದ ಆಚೆ ದ್ಯಾಮವ್ವ ನಿಂತಿದ್ದಳು. ನಮ್ಮ ಸಾಲೂ ಅವರ ಸಾಲೂ ಅಕ್ಕಪಕ್ಕ, ನಡುವೆ ಹಗ್ಗವಷ್ಟೇ. ಅವ್ವ ಅವತ್ತು ತನ್ನ ಹಿಂದೆ ನಿಂತದ್ದನ್ನು ನೆನೆದು ಕಣ್ಣು ಒರೆಸಿಕೊಂಡಳು. ಅವಳೂ ಅವಳ ಗಂಡನೂ ಬೇಡ ಎಂದು ಹಾಕುವವರೇ ಎಂದು ನಾನು ಅಂದುಕೊಂಡಿದ್ದೆ. ಆ ಕೇರಿಯವರೆಲ್ಲ ಹಾಗೇ ಎಂದು ನಮ್ಮವರು ಲೆಕ್ಕ ಹಾಕಿದ್ದರು. ಬಾಯಿ ತಪ್ಪಿ ಅದನ್ನು ಅಂದೂಬಿಟ್ಟೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಯಾರಂದ್ರವಾ ನಿಂಗ? ನಾ ಬೇಕು ಅಂತನ ಹಾಕಾಕಿ. ನನ್ನ ಮಕ್ಕಳು ಇಲ್ಲೇ ಹುಟ್ಯಾವ, ಅತ್ತೀನ ಇಲ್ಲೇ ಮಣ್ಣು ಮಾಡೇವಿ. ಕಡೀಕ ನಿಲ್ಲಿಸಿದ್ರೂ ನಿಲ್ಲಾಕ ನಮಗ ಇದ ಊರ ಐತಿ. ನಿಮ್ಮವ್ವ ಮಾಡಿದ್ದಲ್ಲೇನು ಇದು? ಆಕೀ ಮಾತಿಗೆ ನಾ ಹಾಕಾಕಿ."

ನಾನು ಕೊಡ ತುಂಬಿಸಿಕೊಂಡು ಬಂದೆ. ಅವಳಿಗೆ ಅವತ್ತು ನೀರು ಸಿಕ್ಕಿತೋ ಇಲ್ಲವೋ ನೋಡಲಿಲ್ಲ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ದ್ಯಾಮವ್ವ ಅವ್ವನ ಮಾತಿಗೆ ಬೇಕು ಎನ್ನುತ್ತಾಳೆ. ಜವರಯ್ಯ ಮಾವ ಅವ್ವನ ಮಾತಿಗೆ ಬೇಕು ಎನ್ನುತ್ತಾನೆ. ಊರೆಲ್ಲ ಅವಳ ಮಾತಿಗೇ ಬೇಕು ಎನ್ನುತ್ತದೆ, ನಾನೂ ಬುದ್ಧಿ ತಿಳಿದಾಗಿನಿಂದ ಅವಳ ಮಾತನ್ನೇ ಆಡಿಕೊಂಡು ಬಂದವಳು. ಇಷ್ಟು ಜನರ ಬಾಯಲ್ಲಿ ಅವಳ ಹಳೆಯ ಮಾತಿದೆ. ಅವಳ ಹೊಸ ಮಾತು ಇರುವುದು ನನ್ನೊಬ್ಬಳ ಬಾಯಲ್ಲಿ. ನಾನು ಒಲ್ಲೆ ಎಂದರೆ ಅದು ಆಡಿದಂತೆಯೇ ಆಗುವುದಿಲ್ಲ. ಅವಳ ಕೊನೆಯ ಮಾತು ನನಗೆ ಒಪ್ಪಿಗೆಯಿರಲಿಲ್ಲ. ಒಪ್ಪಿಗೆಯಿಲ್ಲದ್ದರಿಂದಲೇ ಅದು ನನ್ನದಲ್ಲ, ಅವಳದೇ ಎಂಬುದರಲ್ಲಿ ಅನುಮಾನವಿರಲಿಲ್ಲ.

ಮತದ ದಿನ ಉಪ್ಪಿನ ಕೊಠಾರದ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮೇಲ್ಸೀಮೆಯಿಂದ ಬಂದ ಅಧಿಕಾರಿಗೆ ನಮ್ಮ ಪದ್ಧತಿ ಹೊಸದು, ಪ್ರತಿಯೊಂದನ್ನೂ ಪಕ್ಕದಲ್ಲಿದ್ದ ಶಾನುಭೋಗರನ್ನು ಕೇಳಿ ಮಾಡುತ್ತಿದ್ದರು. ಸತ್ತವರ ಹೆಸರು ಕರೆದು ಮೂರು ಸಲ ಕೇಳಬೇಕು, ಬಾಯಿ ಮೂರು ಸಲವೂ ಒಂದೇ ಮಾತು ಹೇಳಬೇಕು. ಬೇರೆ ಒಂದಕ್ಷರ ಸೇರಿಸುವ ಹಾಗಿಲ್ಲ. ಜವರಯ್ಯ ಮಾವ ಮುಂದಿನ ಸಾಲಿನಲ್ಲಿ ಕೂತಿದ್ದ. ನಾನು ಒಲ್ಲೆ ಎನ್ನುತ್ತೇನೆಂದೇ ಅವನು ನಂಬಿದ್ದ, ಅದಕ್ಕೆ ಏನು ಹೇಳಬೇಕೆಂದು ಸಿದ್ಧವಾಗಿಯೂ ಇದ್ದ ಎಂದು ಕಾಣುತ್ತದೆ. ದೇವೀರ ತೋಳಿಗೆ ಬಾವುಟದ ಪಟ್ಟಿ ಕಟ್ಟಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ. ಹೇಳಲು ನನಗೆ ಧೈರ್ಯವಾಗಿರಲಿಲ್ಲ.

ಮೊದಲ ಹೆಸರು ಅವ್ವನದೇ ಕರೆದರು. ಅಂಗಳವೆಲ್ಲ ಎದ್ದು ನಿಂತಿತು. ಅಧಿಕಾರಿ ಬಾಯಿ ಯಾರು ಎಂದು ಕೇಳಿದರು, ನಾನು ಮುಂದೆ ಹೋದೆ. ಬಾಯಿಯಾಗಲು ಒಪ್ಪಿಗೆಯೇ ಎಂದರು, ಒಪ್ಪಿಗೆ ಎಂದೆ. ಜವರಯ್ಯ ಮಾವ ತಲೆಯೆತ್ತಿ ನೋಡಿದ. ನನ್ನ ಬೆರಳಿಗೆ ಮಸಿ ಹಚ್ಚಿದರು. ಅಲ್ಲಿಗೆ ನನ್ನ ಮತ ಹೋಯಿತು.

"ನಿಂಗಾಜಮ್ಮನವರೇ, ಕೆಳಸೀಮೆ ಬೇರೆಯಾಗುವುದು ಬೇಕೋ ಬೇಡವೋ?" ಎಂದು ಅಧಿಕಾರಿ ನನ್ನನ್ನು ನೋಡಿ ಕೇಳಿದರು.

"ಬೇಡ" ಎಂದೆ.

ಹಿಂದಿನವರಿಗೆ ಕೇಳಿಸಿರಲಿಲ್ಲ, ಅವರು ಆಗಲೇ ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಮುಂದಿನವರು ಸುಮ್ಮನಿದ್ದುದನ್ನು ನೋಡಿ ಆ ಚಪ್ಪಾಳೆ ನಿಧಾನವಾಗಿ ನಿಂತಿತು. ಎರಡನೆಯ ಸಲ ಕೇಳುವಾಗ ಅಧಿಕಾರಿಯ ಸ್ವರ ಸಣ್ಣದಾಗಿತ್ತು. ಬೇಡ ಎಂದೆ. ಈ ಸಲ ಎಲ್ಲರಿಗೂ ಕೇಳಿಸಿತು. ಯಾಕೆ ಎಂದು ಹೇಳಬೇಕೆನ್ನಿಸಿತು. ಹಗ್ಗದ ವಿಷಯ, ಕೊಡದ ವಿಷಯ ಎಲ್ಲ ನಾಲಿಗೆಯ ತುದಿಗೆ ಬಂತು. ಹೇಳುವ ಹಾಗಿರಲಿಲ್ಲ. ಮೂರನೆಯ ಸಲ ಕೇಳಿದರು. ದೇವೀರ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದ. ಅವನನ್ನು ನೋಡಿಕೊಂಡೇ ಹೇಳಬೇಕಾಯಿತು.

ಯಾರೂ ಕಲ್ಲು ಎಸೆಯಲಿಲ್ಲ. ನಮ್ಮಲ್ಲಿ ಬಾಯಿಯನ್ನು ಮುಟ್ಟುವುದಿಲ್ಲ. ನಾನು ಹೊರಗೆ ನಡೆದಾಗ ಜನ ಎರಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಸಾವಿನ ಮನೆಯಿಂದ ಬಂದವರಿಗೆ ಬಿಡುವ ಹಾಗೆ. ಹಿಂದೆ ಮುಂದಿನ ಹೆಸರು ಕರೆಯುವುದು ಕೇಳಿಸಿತು. ಯಾರೋ ಒಬ್ಬ ಗಂಡಸು ತನ್ನ ಅಜ್ಜನ ಪರವಾಗಿ ಬೇಕು ಬೇಕು ಬೇಕು ಎಂದು ಬೇಕಾದ್ದಕ್ಕಿಂತ ಗಟ್ಟಿಯಾಗಿ ಕೂಗಿದ.

ಆಮೇಲೆ ನನಗೆ ಹೊಲಿಯಲು ಚೀಲ ಬರುವುದು ನಿಂತಿತು. ಅರ್ಧ ಹೊಲಿದಿದ್ದ ಬಾವುಟಗಳನ್ನು ಒಬ್ಬಳು ಬಂದು, ಮುಖ ನೋಡದೆ, ಎತ್ತಿಕೊಂಡು ಹೋದಳು. ಅವ್ವನ ಮಾತನ್ನು ನಾನೇ ಕಟ್ಟಿದೆ, ಮೇಲ್ಸೀಮೆಯವರಿಂದ ಏನೋ ತಿಂದೆ ಎಂದು ಕೆಲವರು ಆಡಿಕೊಂಡರು. ದೇವೀರ ನಮ್ಮ ಬೀದಿಗೇ ಕಾಲಿಡಲಿಲ್ಲ. ದ್ಯಾಮವ್ವ ಮಾತ್ರ ಒಂದು ಮಧ್ಯಾಹ್ನ ಬಂದು ಜಗಲಿಯ ಮೇಲೆ ಕೂತು, ತಾನು ಬೇಕು ಅಂತಲೇ ಹಾಕಿದೆ ಎಂದು ತಪ್ಪು ಮಾಡಿದವಳ ಹಾಗೆ ಹೇಳಿ ಹೋದಳು. ಒಳ್ಳೆಯದಾಯಿತು ಎಂದೆ. ಮನಸ್ಸಿನಿಂದಲೇ ಅಂದೆ.

ಗೆದ್ದದ್ದು ಬೇಕು. ಹಳ್ಳದ ಆಚೆಯ ಎರಡು ಮೂರು ಊರುಗಳು ಬೇಡ ಎಂದವು. ಅದು ಅವ್ವನ ಮಾತಿಗೋ ಅಥವಾ ಅವರ ಸ್ವಂತ ಯೋಚನೆಗೋ ಹೇಳಲಾರೆ. ಉಳಿದ ಕೆಳಸೀಮೆಯೆಲ್ಲ ಬೇಕು ಎಂದಿತು. ಕೂದಲೆಳೆಯಲ್ಲೇ ಗೆದ್ದೆವು, ಆದರೂ ಗೆದ್ದೆವು.

ಬಾವುಟ ಏರಿಸುವ ದಿನ ನಾನೂ ಹೋದೆ. ಹೋಗದೆ ಇರಲು ಆಗಲಿಲ್ಲ. ಸ್ಟೇಷನ್ನಿನ ಬಯಲಿನಲ್ಲಿ, ಎಲ್ಲರಿಗಿಂತ ಹಿಂದೆ, ಮೇಲ್ಸೀಮೆಯ ಕೇರಿಯವರು ನಿಂತಿದ್ದ ಕಡೆ ನಿಂತೆ. ಬೇರೆ ಯಾರೋ ಹೊಲಿದಿದ್ದ ಬಾವುಟ, ಅಂಚಿನ ಹೊಲಿಗೆ ಸೊಟ್ಟಗಿತ್ತು. ಜವರಯ್ಯ ಮಾವ ಹಗ್ಗ ಎಳೆದ. ಅದು ಬಿಚ್ಚಿಕೊಂಡು ಗಾಳಿಗೆ ಹರಡಿದ್ದೇ ನನಗೆ ಅಳು ತಡೆಯಲಾಗಲಿಲ್ಲ. ಅವನು ಭಾಷಣದಲ್ಲಿ ಜೈಲಿಗೆ ಹೋದವರ, ಸತ್ತವರ ಹೆಸರನ್ನೆಲ್ಲ ಹೇಳಿದ. ಅವ್ವನ ಹೆಸರು ಬರುವ ಜಾಗದಲ್ಲಿ ಒಂದು ಕ್ಷಣ ನಿಂತ. ಹೇಳುತ್ತಾನೆ ಎಂದುಕೊಂಡೆ. ಮುಂದಿನ ಹೆಸರು ಹೇಳಿದ. ಹಗ್ಗ ಬಿಚ್ಚಿಸುವ ಮಾತು ಅಂದು ಬರಲಿಲ್ಲ, ಆಮೇಲೆಯೂ ಬಹಳ ಕಾಲ ಬರಲಿಲ್ಲ. ಹೊಸ ದೇಶಕ್ಕೆ ಮೇಲ್ಸೀಮೆಯವರು ನೀರನ್ನು ಇನ್ನೂ ಕಡಿಮೆ ಮಾಡಿದ್ದರು, ಅವನ ಕೈಯಲ್ಲಿ ಬೇರೆ ನೂರು ಕೆಲಸಗಳಿದ್ದವು.

ನಾನು ಅತ್ತದ್ದನ್ನು ದೇವೀರ ದೂರದಿಂದ ನೋಡಿದ್ದನಂತೆ. ಸಂಜೆ ಮನೆಗೆ ಬಂದ. ಒಳಗೆ ಕರೆದೆ, ಬರಲಿಲ್ಲ. ಜಗಲಿಯ ಕಟ್ಟೆಯ ಮೇಲೆ ಕೂತ. ಬೇಡ ಅಂದವಳು ಯಾಕೆ ಅತ್ತೆ ಎಂದು ಕೇಳಿದ. ಬೇಡ ಅಂದದ್ದು ಅವ್ವ, ಅತ್ತದ್ದು ನಾನು ಎಂದೆ. ಅವನು ತಲೆ ಆಡಿಸಿದ. ಅವನು ಕೇಳಲು ಬಂದದ್ದು ಅದಲ್ಲ ಎಂದು ನನಗೆ ಗೊತ್ತಾಗುತ್ತಿತ್ತು.

"ಅಕ್ಕ, ಅವ್ವ ನನ್ನ ಕೈಲಿ ಗಂಜಿ ಕುಡೀಲಿಲ್ಲ. ನೋಡಿದ್ಯಲ್ಲ ನೀನು" ಎಂದ. ಆಮೇಲೆ, "ನನ್ನ ವಿಷಯ ಏನಾದ್ರೂ ಅಂದ್ಲಾ?" ಎಂದು ಕೇಳಿದ.

ಬಾಯಿಯ ಕೆಲಸ ಕೊಠಾರದ ಅಂಗಳದಲ್ಲೇ ಮುಗಿದಿತ್ತು. ಈಗ ಏನು ಬೇಕಾದರೂ ಹೇಳಬಹುದಾಗಿತ್ತು. ಏನೂ ಅನ್ನಲಿಲ್ಲ ಎಂದರೆ ಅವನು ನಂಬುತ್ತಿದ್ದ, ನಂಬಿ ಸಾಯುವವರೆಗೂ ಕೊರಗುತ್ತಿದ್ದ. ಒಳ್ಳೆಯ ಮಾತು ಕಟ್ಟಿ ಹೇಳಿದ್ದರೂ ನಂಬುತ್ತಿದ್ದ. ಅವ್ವ ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಹೇಳಿದೆ.

"ದೇವೀರ ಥೇಟು ನನ್ನ ಹಂಗೇ ಕಣೆ. ಆ ವಯಸ್ಸಲ್ಲಿ ನನ್ನ ಕೈಗೂ ಯಾರಾದ್ರೂ ಬೆತ್ತ ಕೊಟ್ಟಿದ್ರೆ ನಾನೂ ಅಲ್ಲೇ, ಅವನು ನಿಂತ ಹಂಗೇ ನಿಂತ್ಕೋತಿದ್ದೆ. ಅದಕ್ಕೇ ನನಗೆ ಭಯ. ಹಂಗಂದ್ಲು ಅವ್ವ" ಎಂದೆ.

ದೇವೀರ ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಬಿಚ್ಚಿ ಇಟ್ಟುಕೊಂಡು ಅವನ್ನೇ ನೋಡುತ್ತಾ ಕೂತ. ಬಯಲಿನಲ್ಲಿ ಇನ್ನೂ ಹಾಡು ಹಾಕಿದ್ದರು, ಪಟಾಕಿ ಹೊಡೆಯುತ್ತಿದ್ದರು. ಅವನನ್ನು ಹುಡುಕಿಕೊಂಡು ಸಂಘಟನೆಯವರಿಬ್ಬರು ಬಂದರು, ವೇದಿಕೆಗೆ ಕರೆಯುತ್ತಿದ್ದಾರೆ ಎಂದರು. ಆಮೇಲೆ ಬರುತ್ತೇನೆ ಎಂದು ಅವರನ್ನು ಕಳಿಸಿದ. ಕತ್ತಲಾಗುವ ಮುಂಚೆ ಎದ್ದು, ಬಾಗಿಲ ಹತ್ತಿರ ಇದ್ದ ನನ್ನ ಕೊಡವನ್ನು ಬಗ್ಗಿ ನೋಡಿದ. ತಳದಲ್ಲಿ ಒಂದಿಷ್ಟು ನೀರಿತ್ತು.

ಬೆಳಿಗ್ಗೆ ನೀರಿಗೆ ಹೋಗುವಾಗ ತನ್ನನ್ನೂ ಕೂಗಬೇಕೆಂದ. ನಿನ್ನ ಮನೆಗೆ ಹುಡುಗರೇ ನೀರು ತಂದು ಹಾಕುತ್ತಾರಲ್ಲ ಎಂದೆ. ನಾಳೆಯಿಂದ ತಾನೇ ತರುತ್ತೇನೆ ಎಂದ. ಬೆತ್ತ ಯಾರ ಕೈಗೆ ಎಂದು ಕೇಳಬೇಕೆನ್ನಿಸಿತು. ಅವನು ಆಗಲೇ ಮೆಟ್ಟಿಲು ಇಳಿದಿದ್ದ. ಎಡಕ್ಕೆ ಹೋದರೆ ಬಯಲು, ಬಲಕ್ಕೆ ಹೋದರೆ ಅವನ ಮನೆ. ತೋಳಿನ ಪಟ್ಟಿಯನ್ನು ಬಿಚ್ಚಲಿಲ್ಲ, ಅದನ್ನು ನೇರ ಮಾಡಿಕೊಂಡು ಬಲಕ್ಕೆ ತಿರುಗಿ ನಡೆದ.